ಚೋಮನ ತಾಯಿಯನ್ನು ಕೇಳಿದವರು ಯಾರು?

ಕುಂಜಿಬೆಟ್ಟು, ಉಡುಪಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಪ್ಪನ ಮಂಡಿನೋವು ಮಳೆಗೆ ಸ್ವಲ್ಪ ಜೋರಾದದ್ದು ಬಿಟ್ಟರೆ ವಿಶೇಷವೇನಿಲ್ಲ. ಶೆರ್ಲಾಕ್ ಹೋಮ್ಸ್, ‘ಚೋಮನ ದುಡಿ’ಯ ಚೋಮ, ಅದನ್ನು ಬರೆದ ಶಿವರಾಮ ಕಾರಂತರು, ಮೂವರಿಗೂ ಆಟಿಸಂ (ಜನರ ಜೊತೆ ಬೆರೆಯುವ, ಸದ್ದು ಕೇಳಿಸಿಕೊಳ್ಳುವ ರೀತಿ ಹುಟ್ಟಿನಿಂದಲೇ ಬೇರೆ ಇರುವುದು) ಇತ್ತು ಎಂದು ವಾದಿಸಿ ನೀನು ಕೊಣಾಜೆಯ ಯೂನಿವರ್ಸಿಟಿಯಿಂದ ಕಳಿಸಿದ ಸೆಮಿನಾರ್ ಪ್ರಬಂಧವನ್ನು ಫೋನಿನಲ್ಲಿ ಓದಲಿಕ್ಕೆ ಆಗದೆ ಕಲ್ಸಂಕದಲ್ಲಿ ಪ್ರಿಂಟ್ ತೆಗೆಸಿ ತಂದೆ. ‘ಹೊಗಳುವುದು ಬೇಡ, ತಪ್ಪಿದ್ದರೆ ಹೇಳಿ’ ಎಂದು ಬರೆದಿದ್ದೀ. ಸರಿ, ಹೇಳುತ್ತೇನೆ. ಹೋಮ್ಸ್‌ನ ಭಾಗ ಭಾರೀ ಲಾಯ್ಕ ಉಂಟು, ಒಂದು ವಾಕ್ಯ ಬಿಟ್ಟು. ಚೋಮನ ಭಾಗವನ್ನು ಪೂರಾ ತಿರುಗಿ ಬರೆಯಬೇಕು. ಕಾರಂತರ ಭಾಗವನ್ನು ತೆಗೆದುಬಿಡು.

ಸಿಟ್ಟು ಬಂತಾ? ಬರಲಿ. ಮುಂದೆ ಓದು.

ಒಂಬತ್ತನೇ ಕ್ಲಾಸಿನ ರಜೆಯಲ್ಲಿ ಶೆರ್ಲಾಕ್ ಹೋಮ್ಸ್ ಕೈಗೆ ಸಿಕ್ಕಿದ್ದನ್ನು ನೀನು ಬರೆದ ರೀತಿ ನನ್ನನ್ನು ಹಿಡಿದು ಕೂರಿಸಿತು. ಮದುವೆಮನೆಯಲ್ಲಿ ವಾಲಗ ಶುರುವಾದರೆ ಕಿವಿ ಮುಚ್ಚಿಕೊಂಡು ಹಿಂದಿನ ಕೋಣೆಗೆ ಓಡುತ್ತಿದ್ದವಳು ನೀನು. ‘ಎಂತದು ಇವಳು, ಮಾತಾಡಿಸಿದರೆ ಮುಖ ಕೊಡುವುದಿಲ್ಲ, ಭಾರೀ ಜಂಬ’ ಎಂದು ನೆಂಟರ ಹೆಂಗಸರು ಅಂದದ್ದು ನಿನ್ನ ಕಿವಿಗೂ ಬಿದ್ದಿತ್ತು ಎಂಬುದು ನನಗೆ ಈ ಪ್ರಬಂಧ ಓದಿದ ಮೇಲೇ ಗೊತ್ತಾಯಿತು. ಅಂಥ ಹುಡುಗಿಗೆ ಒಬ್ಬ ಸಿಗುತ್ತಾನೆ: 140 ಬಗೆಯ ಹೊಗೆಸೊಪ್ಪಿನ ಬೂದಿಯ ಮೇಲೆ ಪುಸ್ತಿಕೆ ಬರೆದವ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂಬುದೇ ಗೊತ್ತಿಲ್ಲದವ, ಗೊತ್ತಾದ ಮೇಲೆ ಅದನ್ನು ಮರೆಯಲಿಕ್ಕೆ ನೋಡುತ್ತೇನೆ ಎನ್ನುವವ. ಆದರೂ ಲಂಡನ್ನಿನ ಪೊಲೀಸರು ಕಷ್ಟ ಬಂದಾಗ ಅವನ ಬಾಗಿಲಿಗೇ ಬಂದು ನಿಲ್ಲುತ್ತಾರೆ. ‘ಇವ ನನ್ನ ಹಾಗೆ’ ಎಂದು ನಿನಗನ್ನಿಸಿತು. ಕಳೆದ ವರ್ಷ ಡಾಕ್ಟರು ಆಟಿಸಂ ಎಂದಾಗ ನೀನು ಯಾಕೆ ಅಳಲಿಲ್ಲ ಎಂದು ನಿನ್ನ ಅಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ. ಈ ನಾಲ್ಕು ಪುಟ ಅವಳಿಗೆ ತೋರಿಸು.

ಅದರ ಒಂದಕ್ಷರವನ್ನೂ ಮುಟ್ಟಬೇಡ. ಓದುವವಳೊಬ್ಬಳು ಪುಸ್ತಕದಲ್ಲಿ ತನ್ನವರನ್ನು ಕಂಡುಕೊಳ್ಳುವುದಕ್ಕೆ ಯಾವ ಪ್ರೊಫೆಸರನ ಅಪ್ಪಣೆಯೂ ಬೇಡ, ಯಾವ ಡಾಕ್ಟರನ ಚೀಟಿಯೂ ಬೇಡ. ತೆಗೆಯಬೇಕಾದದ್ದು ಅದರ ಮರುಕ್ಷಣ ಬರುವ ವಾಕ್ಯ: ‘ಆದ್ದರಿಂದ ಹೋಮ್ಸ್‌ಗೆ ಆಟಿಸಂ ಇತ್ತೆಂದು ನಿರ್ಧರಿಸಬಹುದು.’ ‘ನನ್ನ ಹಾಗೆ’ ಎನ್ನುವಾಗ ನೀನು ಹೇಳುವುದು ನಿನ್ನ ವಿಷಯ, ಅದಕ್ಕೆ ನೀನೇ ಸಾಕ್ಷಿ. ‘ಅವನಿಗೆ ಇತ್ತು’ ಎಂದರೆ ಬೇರೆ ಸಾಕ್ಷಿ ಬೇಕಾಗುತ್ತದೆ. ಆ ಕೆಲಸಕ್ಕೆ ಹೋಮ್ಸ್‌ನಷ್ಟು ಕೆಟ್ಟ ಸಾಕ್ಷಿ ಇನ್ನೊಬ್ಬನಿಲ್ಲ. ಬರೆದ ಕಾನನ್ ಡಾಯ್ಲ್ ಸ್ವತಃ ಡಾಕ್ಟರು. ಎಡಿನ್‌ಬರೋದಲ್ಲಿ ತನಗೆ ಪಾಠ ಮಾಡಿದ ಸರ್ಜನ್ ಜೋಸೆಫ್ ಬೆಲ್ ಅವರ ಕಣ್ಣಿನ ಚುರುಕನ್ನು ತೆಗೆದುಕೊಂಡು, ಕಥೆಗೆ ಬೇಕಾದ್ದನ್ನೆಲ್ಲ ಸೇರಿಸಿ ಇವನನ್ನು ಮಾಡಿದ. 1887ರ ಮೊದಲ ಕಾದಂಬರಿಯಲ್ಲಿ ವಾಟ್ಸನ್ ಪಟ್ಟಿ ಮಾಡುತ್ತಾನೆ, ಹೋಮ್ಸ್‌ನ ಸಾಹಿತ್ಯಜ್ಞಾನ ಸೊನ್ನೆ ಎಂದು. ಎರಡನೆಯ ಕಾದಂಬರಿಗೆ ಬರುವಾಗ ಅದೇ ಹೋಮ್ಸ್ ಗಯಟೆಯ ಸಾಲು ಹೇಳುತ್ತಾನೆ. ವಾಟ್ಸನ್‌ನ ಗಾಯವನ್ನೇ ನೋಡು, ಅಫ್ಘಾನಿಸ್ತಾನದ ಯುದ್ಧದಲ್ಲಿ ಭುಜಕ್ಕೆ ಬಿದ್ದ ಗುಂಡು ಎರಡನೇ ಪುಸ್ತಕದ ಹೊತ್ತಿಗೆ ಕಾಲಿಗೆ ಇಳಿದಿದೆ! ಅದನ್ನು ಯಾವ ಮೂಳೆ ಡಾಕ್ಟರಿಗೆ ತೋರಿಸುತ್ತೀ ಮಾರಾಯ್ತಿ? ಬರೆಯುವವನಿಗೆ ಮರೆತುಹೋಗಿದೆ, ಅಷ್ಟೆ.

ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದು ಈ ಕರಾವಳಿಯ ಮಕ್ಕಳ ಜೊತೆಯೇ ನನ್ನ ನೌಕರಿ ಮುಗಿಸಿದವಳು. ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಹೆಸರು ಕರೆದರೆ ತಿರುಗುವುದಿಲ್ಲ ಎಂದು ಕರೆತಂದಿದ್ದರು. ಫ್ಯಾನ್ ಆರಿಸುವ ತನಕ ಅವ ಕೋಣೆಯೊಳಗೆ ಕಾಲಿಡಲಿಲ್ಲ. ಒಳಗೆ ಬಂದು, ಮೇಜಿನ ಕೆಳಗೆ ಕೂತು, ಗೋಡೆ ನೋಡಿಕೊಂಡು ಬಾಯಿ ಬಿಟ್ಟ: ‘ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮುಲ್ಕಿ, ಹಳೆಯಂಗಡಿ, ಸುರತ್ಕಲ್...’ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರನ ಅದೇ ರಾಗ, ಕೊನೆಗೊಂದು ಸೀಟಿ ಸಮೇತ. ನೋಡಿದ ಕೂಡಲೇ ಯಾರೂ ಹೇಳಿಬಿಡಬಹುದು ಅನ್ನಿಸುತ್ತದೆ ಅಲ್ಲವಾ? ನಾವು ಹೇಳಲಿಲ್ಲ. ಮೊದಲು ಕಿವಿ ಪರೀಕ್ಷೆ, ಯಾಕೆಂದರೆ ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲ. ಆಮೇಲೆ ತಾಯಿಯನ್ನು ಕೂರಿಸಿಕೊಂಡು ಒಂದೊಂದೇ ಕೇಳಿದೆವು. ಬೇಕಾದ್ದನ್ನು ಬೆರಳು ತೋರಿಸಿ ಕೇಳಿದನಾ, ನಿಮ್ಮ ಕೈಯನ್ನೇ ಹಿಡಿದು ಬಿಸ್ಕತ್ತಿನ ಡಬ್ಬದ ಮೇಲೆ ಇಟ್ಟನಾ? ಬಂದ ಮಾತು ಮಧ್ಯೆ ಹೋಯಿತಾ? ಆ ತಾಯಿ ಯೋಚಿಸಿ, ಅತ್ತೆಗೆ ಫೋನ್ ಮಾಡಿ ಕೇಳಿ, ಉತ್ತರ ಹೇಳಿದರು. ಮಕ್ಕಳ ಡಾಕ್ಟರು, ಮನಃಶಾಸ್ತ್ರದವರು ಬೇರೆ ಬೇರೆ ದಿನ ನೋಡಿದರು. ಎಲ್ಲ ಆದ ಮೇಲೆ ಆ ಹೆಸರು ಫೈಲಿನಲ್ಲಿ ಬಿತ್ತು.

ಆ ಹೆಸರಿನಿಂದ ಅವನಿಗೆ ಏನೋ ಸಿಕ್ಕಿತು ಎಂಬುದೂ ಮುಖ್ಯ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಆಟಿಸಂ ಉಂಟು, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವೈಕಲ್ಯಗಳಲ್ಲೂ ಉಂಟು. ಸರ್ಟಿಫಿಕೇಟ್ ಇದ್ದರೆ ಶಾಲೆಯವರು ಸುಮ್ಮನೆ ‘ಆಗುವುದಿಲ್ಲ’ ಎನ್ನಲಿಕ್ಕಿಲ್ಲ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ತಾಯಿಗೆ ‘ಮಗನನ್ನು ಬೆಳೆಸಲಿಕ್ಕೆ ಬರುವುದಿಲ್ಲ’ ಎಂಬ ಮಾತಿನಿಂದ ಸ್ವಲ್ಪ ಬಿಡುಗಡೆ.

ಈಗ ಚೋಮ. ಅವ ದುಡಿ ಬಡಿಯುವುದು ಆಟಿಸಂನವರು ಸಮಾಧಾನಕ್ಕೆ ಮಾಡುವ ಪುನರಾವರ್ತನೆ ಎಂದು ಬರೆದಿದ್ದೀ. ಬೇಸಾಯದ ಹಂಬಲ ಬಿಡದ ಹಟ, ಎತ್ತುಗಳ ಮೇಲಿನ ಮೋಹ, ಧಣಿಯ ಮುಖ ನೋಡಿ ಮಾತಾಡದಿರುವುದು, ಎಲ್ಲವನ್ನೂ ಒಂದೇ ದಾರಕ್ಕೆ ಪೋಣಿಸಿದ್ದೀ. ಪೋಣಿಸಿದ್ದು ಚಂದವೇ. ನನಗೆ ಕುತೂಹಲವಾಗಿ, ನಮ್ಮಲ್ಲಿ ಆಟಿಸಂ ಅಳೆಯಲಿಕ್ಕೆ ಬಳಸುವ ಇಸಾ ಮಾಪಕವನ್ನು ಹಳೇ ಫೈಲಿನಿಂದ ತೆಗೆದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯವರು ಭಾರತದ ಮಕ್ಕಳಿಗೆಂದು ಮಾಡಿದ್ದು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ‘ಚೋಮನ ದುಡಿ’ ಹಿಡಿದು ಕೂತೆ. ದೊಡ್ಡಪ್ಪ ನನ್ನನ್ನೇ ಯಾರಿಗಾದರೂ ತೋರಿಸಬೇಕು ಎಂದರು.

ಮೊದಲನೇ ಅಂಶವೇ ಕಣ್ಣಿಗೆ ಕಣ್ಣು ಕೊಟ್ಟು ನೋಡುವುದರ ಬಗ್ಗೆ. ಪುಟ್ಟೀ, ಅಂಗಳದಾಚೆ ನಿಂತು ಮಾತಾಡಬೇಕಾದ ಜಾತಿಯಲ್ಲಿ ಹುಟ್ಟಿದವನು ಧಣಿಯ ಕಣ್ಣಿಗೆ ಕಣ್ಣು ಕೊಡುವ ಕಾಲವಾ ಅದು? ಅಲ್ಲಿ ನಾನು ಯಾವ ಅಂಕ ಹಾಕಲಿ? ಅಂಕ ಹಾಕಬೇಕಾದದ್ದು ಆ ಅಂಗಳಕ್ಕೆ. ಹಟದ ಮಾತಿಗೆ ಬಂದರೆ, ಅವ ಕೇಳಿದ್ದು ಒಂದು ತುಂಡು ಗದ್ದೆ. ಅದೇ ಆಸೆ ಇನ್ನೊಂದು ಜಾತಿಯ ರೈತನಿಗಿದ್ದರೆ ಅದನ್ನು ನೀನು ಶ್ರಮಜೀವಿಯ ಛಲ ಎನ್ನುತ್ತಿದ್ದೆ. ಬೇಸಾಯ ನಿನಗಲ್ಲ ಎಂದು ಊರೇ ಹೇಳಿದಾಗ, ಮುಟ್ಟಿದರೆ ಮೈಲಿಗೆ ಎಂದು ನೀರಲ್ಲಿ ಮುಳುಗುವ ಮಗನನ್ನು ಯಾರೂ ಎತ್ತದಿದ್ದಾಗ, ಬಾಯಿಯಲ್ಲಿ ಹೇಳಲಿಕ್ಕಾಗದ್ದು ದುಡಿಯಲ್ಲಿ ಬರುತ್ತದೆ. ಆ ಬಡಿತಕ್ಕೆ ಕಾರಣವನ್ನು ನೀನು ಅವನ ಮೆದುಳಿನೊಳಗೆ ಇಟ್ಟರೆ, ಸುತ್ತ ನಿಂತ ಜನವೆಲ್ಲ ಬಚಾವಾದ ಹಾಗೆ. ಧಣಿ ಬಚಾವು, ಊರು ಬಚಾವು, ಓದುವ ನಾವೂ ಬಚಾವು. ನಿನ್ನ ಸರ್ಟಿಫಿಕೇಟಿನಿಂದ ಚೋಮನಿಗೆ ಒಂದು ಮುಡಿ ಗದ್ದೆಯೂ ಸಿಕ್ಕುವುದಿಲ್ಲ.

ಉಳಿದ ಅಂಶಗಳ ಹತ್ತಿರ ನನ್ನ ಪೆನ್ಸಿಲ್ ನಿಂತೇ ಹೋಯಿತು. ಚೋಮ ಎಷ್ಟನೇ ತಿಂಗಳಲ್ಲಿ ಮಾತಾಡಿದ? ಸಣ್ಣವನಿದ್ದಾಗ ಉಳಿದ ಮಕ್ಕಳ ಜೊತೆ ಆಡಿದನಾ? ಪುಸ್ತಕದಲ್ಲಿ ಅದೆಲ್ಲ ಇಲ್ಲ. ಇಲ್ಲ ಎಂದರೆ ನಮಗೆ ಗೊತ್ತಿಲ್ಲ ಎಂದಲ್ಲ, ಅದು ನಡೆಯಲೇ ಇಲ್ಲ. ಕೇಳಲಿಕ್ಕೆ ಅವನಿಗೊಬ್ಬ ತಾಯಿಯೇ ಇಲ್ಲ, ಕಾಗದದ ಹೊರಗೆ ಅವನಿಗೆ ಬಾಲ್ಯವೇ ಇಲ್ಲ.

ನೀನು ಇದಕ್ಕೆ ಏನು ಹೇಳುತ್ತೀ ಎಂದು ಗೊತ್ತುಂಟು. ‘ಬಡವರಲ್ಲಿ, ದಲಿತರಲ್ಲಿ ಆಟಿಸಂ ಇರುವುದೇ ಇಲ್ಲವಾ ದೊಡ್ಡಮ್ಮಾ, ಅವರನ್ನು ಯಾರೂ ಪರೀಕ್ಷೆಗೇ ಕರೆದೊಯ್ಯುವುದಿಲ್ಲವಲ್ಲ?’ ಸರಿಯಾದ ಮಾತು. ಹೆಣ್ಣುಮಕ್ಕಳ ಕಥೆಯೂ ಅದೇ. ನಾಚಿಕೆ, ಜಂಬ ಎಂದು ಬಿಟ್ಟುಬಿಡುತ್ತಾರೆ, ನಿನ್ನ ಹಾಗೆ ಎಂ.ಎ. ಕ್ಲಾಸಿಗೆ ಬಂದ ಮೇಲೆ ಗೊತ್ತಾಗುತ್ತದೆ. ಇದರ ಬಗ್ಗೆ ಬರೆ, ಸಿಟ್ಟಿನಿಂದಲೇ ಬರೆ. ಆದರೆ ಅದಕ್ಕೆ ಜೀವಂತ ಮಕ್ಕಳು ಬೇಕಾದಷ್ಟು ಉಂಟು. ಮೂಕಜ್ಜಿಯ ಮೌನವನ್ನು ಮುಂದಿನ ಪ್ರಬಂಧಕ್ಕೆ ಇಟ್ಟುಕೊಂಡಿದ್ದೀಯಂತೆ. ಬಾಲವಿಧವೆಯ ಮೌನ ಅದು. ಅಷ್ಟು ನೆನಪಿಟ್ಟುಕೊಂಡು ಶುರುಮಾಡು.

ಕಂಡವರ ವರ್ತನೆಯಿಂದ ಕಥೆ ಕಟ್ಟಿದರೆ ಎಂತ ಆಗುತ್ತದೆ ಎಂಬುದಕ್ಕೆ ಆಟಿಸಂನ ಚರಿತ್ರೆಯಲ್ಲೇ ಒಂದು ಕೆಟ್ಟ ಅಧ್ಯಾಯ ಉಂಟು, ಅದು ನಿನ್ನ ಪ್ರಬಂಧದಲ್ಲಿ ಇಲ್ಲ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳನ್ನು ಬಹಳ ಹತ್ತಿರದಿಂದ ನೋಡಿ ಬರೆದರು, 8 ಗಂಡು, 3 ಹೆಣ್ಣು. ಮಕ್ಕಳ ಬಗ್ಗೆ ಬರೆದದ್ದು ಇವತ್ತಿಗೂ ಓದುವ ಹಾಗಿದೆ. ಜೊತೆಗೆ ಆ ತಂದೆತಾಯಿಗಳಲ್ಲಿ ಬೆಚ್ಚಗಿನ ಮನಸ್ಸಿನವರು ಕಡಿಮೆ ಎಂದೂ ಬರೆದರು. ಆ ಸಣ್ಣ ಎಳೆಯಿಂದಲೇ ಮುಂದೆ, ತನ್ನ ತಣ್ಣಗಿನ ಮನಸ್ಸಿನಿಂದ ಮಗುವಿಗೆ ಆಟಿಸಂ ಬರಿಸುವ ‘ರೆಫ್ರಿಜರೇಟರ್ ತಾಯಿ’ ಎಂಬೊಂದು ಪಾತ್ರವೇ ಸೃಷ್ಟಿಯಾಯಿತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದನ್ನು ದೊಡ್ಡ ಪುಸ್ತಕವಾಗಿಸಿ ಹೆಸರು ಮಾಡಿದ. ಅದಕ್ಕೆ ಮೂರು ವರ್ಷ ಮೊದಲೇ, ಆಟಿಸಂ ಇದ್ದ ಮಗುವಿನ ತಂದೆಯೂ ಮನಃಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ತಾಯಿಯ ತಪ್ಪಲ್ಲ, ಹುಟ್ಟಿನಿಂದ ಬರುವುದು ಎಂದು ಬರೆದಿದ್ದರೂ, ತಾಯಂದಿರ ತಲೆಯ ಮೇಲಿನ ಆ ಹೊರೆ ಇಳಿಯಲು ವರ್ಷಗಟ್ಟಲೆ ಬೇಕಾಯಿತು. ನನ್ನ ಕೋಣೆಗೆ ಬಂದ ತಾಯಂದಿರಲ್ಲಿ ‘ನಾನು ಕೆಲಸಕ್ಕೆ ಹೋದದ್ದರಿಂದ ಹೀಗಾಯಿತಾ ಮೇಡಂ’ ಎಂದು ಕೇಳದವರು ಕಡಿಮೆ. ಮನುಷ್ಯರನ್ನು ಕಾದಂಬರಿಯ ಪಾತ್ರಗಳಂತೆ ಓದಿದ ತಜ್ಞರು ಕೊಟ್ಟ ಉಡುಗೊರೆ ಅದು.

ಕಾರಂತರ ಭಾಗದ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಿನ್ನ ಪುರಾವೆ ಏನು? ಮುಖಕ್ಕೆ ಹೊಡೆದ ಹಾಗೆ ಮಾತು, ಉಪಚಾರದ ಮಾತಿಗೆ ಪುರ್ಸೊತ್ತಿಲ್ಲ, ಮಕ್ಕಳ ವಿಶ್ವಕೋಶದಿಂದ ಯಕ್ಷಗಾನದ ತನಕ ಹಿಡಿದದ್ದನ್ನು ಬಿಡದ ಹಟ. ಇಷ್ಟಕ್ಕೇ ಆಟಿಸಂ ಎಂದರೆ ಕೋಟದ ಅರ್ಧ ಊರನ್ನು ಕ್ಲಿನಿಕ್ಕಿಗೆ ಕರೆದೊಯ್ಯಬೇಕಾದೀತು. ನಿನ್ನ ಪುರಾವೆಗೆ ಸೇರದ್ದನ್ನೆಲ್ಲ ನೀನು ಬಿಟ್ಟಿದ್ದೀ: ಮೇಳ ಕಟ್ಟಿಕೊಂಡು ಹತ್ತಾರು ಜನರನ್ನು ಕುಣಿಸಿದ್ದು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಕಳೆದ ವರ್ಷಗಳು, ಮುದಿ ವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ಚುನಾವಣೆಗೇ ನಿಂತದ್ದು. ಇವೆಲ್ಲ ಆಟಿಸಂ ಇದ್ದವರಿಗೆ ಆಗದ ಕೆಲಸ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡ. ಬೇರೆಯವರ ಮನಸ್ಸು ಅವರಿಗೆ ತಿಳಿಯುವುದಿಲ್ಲ ಎಂಬ ಹಳೇ ಮಾತನ್ನು, ತಾನೇ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಸರಿಯಾಗಿ ತಿರುಗಿಸಿ ಹಾಕಿದ್ದಾರೆ: ತಿಳಿಯದಿರುವುದು ಎರಡೂ ಕಡೆಯದ್ದು. ನಾನು ಹೇಳುವುದಿಷ್ಟೆ, ಬೇಕಾದ್ದನ್ನು ಮಾತ್ರ ಹೆಕ್ಕಿದರೆ ಯಾರನ್ನು ಏನು ಬೇಕಾದರೂ ಮಾಡಬಹುದು.

1902ರಲ್ಲಿ ಹುಟ್ಟಿ 1997ರಲ್ಲಿ ಹೋದ ಮನುಷ್ಯ. ತನ್ನ ಬಗ್ಗೆ ತಾನೇ ನೂರಾರು ಪುಟ ಬರೆದು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಅವರೇ ಹತ್ತು ಎಣಿಸಿ ಕೊಟ್ಟಿರುವಾಗ ನೀನು ಹನ್ನೊಂದನೆಯದನ್ನು ಅಂಟಿಸಿ, ಉಳಿದ ಹತ್ತೂ ಇದರಿಂದಲೇ ಹುಟ್ಟಿದ್ದು ಎನ್ನುತ್ತೀ. ಅವರು ಬದುಕಿದ್ದರೆ ಒಂದು ಸಾಲಿನ ಉತ್ತರ ಬರೆಯುತ್ತಿದ್ದರು, ಅದನ್ನು ಓದಿ ನೀನು ಎರಡು ದಿನ ಊಟ ಮಾಡುತ್ತಿರಲಿಲ್ಲ.

ವೈದ್ಯರೇ ಈ ಚಾಳಿಗೆ ತಮಗೆ ತಾವೇ ಬೇಲಿ ಹಾಕಿಕೊಂಡಿದ್ದಾರೆ. 1964ರ ಅಮೆರಿಕದ ಚುನಾವಣೆಯಲ್ಲಿ ‘ಫ್ಯಾಕ್ಟ್’ ಎಂಬ ಪತ್ರಿಕೆ, ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಅಧ್ಯಕ್ಷ ಪದವಿಗೆ ಯೋಗ್ಯರೇ ಎಂದು 12,356 ಮನೋವೈದ್ಯರನ್ನು ಕೇಳಿತು. 2,417 ಮಂದಿ ಉತ್ತರಿಸಿದರು, ಅದರಲ್ಲಿ 1,189 ಮಂದಿ ಅಯೋಗ್ಯ ಎಂದರು. ಅವರನ್ನು ತಮ್ಮ ಕೋಣೆಯಲ್ಲಿ ಕೂರಿಸಿ ನೋಡದೆಯೇ. ಗೋಲ್ಡ್‌ವಾಟರ್ ಕೋರ್ಟಿಗೆ ಹೋಗಿ ಗೆದ್ದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ನಿಯಮ ಮಾಡಿತು: ಸ್ವತಃ ಪರೀಕ್ಷಿಸದ, ಒಪ್ಪಿಗೆ ಕೊಡದ ವ್ಯಕ್ತಿಯ ಬಗ್ಗೆ ಸಾರ್ವಜನಿಕವಾಗಿ ರೋಗನಿರ್ಣಯ ಹೇಳಬಾರದು. ಕಲಿತವರಿಗೇ ಇಲ್ಲದ ಅಧಿಕಾರವನ್ನು ಸಾಹಿತ್ಯದ ವಿದ್ಯಾರ್ಥಿಗಳು ಎಲ್ಲಿಂದ ತರುತ್ತೀರಿ? ಸತ್ತವರಿಗೆ ಈ ನಿಯಮ ಬೇಕಾ ಎಂದು ವಾದ ಮಾಡಬಹುದು. ಸತ್ತವರು ಇಲ್ಲ ಎನ್ನಲಾರರು, ಅದಕ್ಕೇ ನನಗೆ ಇನ್ನೂ ಹೆಚ್ಚು ಸಂಕೋಚ. ಬದುಕಿರುವ ಲೇಖಕರ ವಿಷಯಕ್ಕಂತೂ ಹೋಗಲೇಬೇಡ. ಕೊನೆಯ ಟಿಪ್ಪಣಿಯಲ್ಲಿ ‘ನಮ್ಮ ವಿಭಾಗದ ಸರ್ ಒಬ್ಬರೂ ಹಾಗೆಯೇ’ ಎಂದು ತಮಾಷೆಗೆ ಹಾಕಿದ್ದೀಯಲ್ಲ, ಈ ಪತ್ರ ಮಡಚಿಡುವ ಮೊದಲು ಅದನ್ನು ಹೊಡೆದುಹಾಕು. ಪಾತ್ರದಿಂದ ಲೇಖಕ, ಲೇಖಕನಿಂದ ಎದುರಿನ ಮೇಜಿನವರು, ಎಷ್ಟು ಬೇಗ ಬಂದುಬಿಟ್ಟೆ ನೋಡು.

ಇನ್ನೊಂದು ಉಪದ್ರ ಉಂಟು. ಹೆಸರಾಂತವರಿಗೆ, ಮೇಧಾವಿ ಪಾತ್ರಗಳಿಗೆಲ್ಲ ಈ ಹೆಸರು ಅಂಟಿಸುತ್ತಾ ಹೋದರೆ ಮಕ್ಕಳ ಮೇಲೆ ಬೇರೆ ಭಾರ ಬೀಳುತ್ತದೆ. 1988ರಲ್ಲಿ, ಆಟಿಸಂ ಇದ್ದು ಅಸಾಧಾರಣ ನೆನಪಿನ ಶಕ್ತಿಯೂ ಇರುವವನ ಕಥೆಯ ‘ರೈನ್ ಮ್ಯಾನ್’ ಸಿನಿಮಾ ಬಂತಲ್ಲ, ಅದನ್ನು ನೋಡಿದ ತಂದೆಯೊಬ್ಬರು ಗೋಡೆಯ ಕ್ಯಾಲೆಂಡರನ್ನೇ ಕಳಚಿಕೊಂಡು ಬಂದಿದ್ದರು, ಮಗನಿಗೆ ತಾರೀಕು ಹೇಳಿದರೆ ವಾರ ಹೇಳಲಿಕ್ಕೆ ಬರುತ್ತದಾ ಪರೀಕ್ಷಿಸಿ ಎಂದು. ಮಗು ಆ ಕ್ಯಾಲೆಂಡರಿನ ತಗಡಿನ ಪಟ್ಟಿಯನ್ನು ನೆಕ್ಕುತ್ತಿತ್ತು. ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್‌ಗೆ ಇದ್ದದ್ದು ಆಟಿಸಂ ಅಲ್ಲವೇ ಅಲ್ಲ ಎಂದು ಆಮೇಲೆ ತಿಳಿಯಿತು. ಮಾರ್ಕ್ ಹ್ಯಾಡನ್‌ನ 2003ರ ನಾಯಿಯ ಕಾದಂಬರಿಯನ್ನು ನೀನೇ ನನಗೆ ಕೊಟ್ಟಿದ್ದೆ. ಕಥೆ ಹೇಳುವ ಆ ಹುಡುಗನ ಸ್ಥಿತಿಗೆ ಕಥೆಯೊಳಗೆ ಎಲ್ಲೂ ಹೆಸರಿಟ್ಟಿಲ್ಲ. ಹೆಸರು ಬಿದ್ದದ್ದು ಪುಸ್ತಕದ ಹೊದಿಕೆಯ ಮೇಲೆ. ತಾನು ಆ ವಿಷಯದ ತಜ್ಞನಲ್ಲ ಎಂದು ಆಮೇಲೆ ಲೇಖಕನೇ ಹೇಳಬೇಕಾಯಿತು.

ಹಾಗಾದರೆ ಬರೆಯುವುದು ಹೇಗೆ? ನಿನ್ನ ಅಜ್ಜ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ಕರ್ಣಪರ್ವದಲ್ಲಿ ಇವತ್ತೊಬ್ಬರ ಕರ್ಣ ಋಣಕ್ಕೆ ಕಟ್ಟುಬಿದ್ದವ, ನಾಳೆ ಇನ್ನೊಬ್ಬರ ಕರ್ಣ ಅವಮಾನದಲ್ಲಿ ಬೆಂದವ. ಎರಡನ್ನೂ ಸಭೆ ಒಪ್ಪುತ್ತದೆ. ಆದರೆ ಭಾಗವತರು ಹಾಡಿದ ಪದ್ಯವನ್ನು ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ಎದುರಿನ ಶಲ್ಯ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಇರುವ ಹಾಗಿಲ್ಲ, ನನ್ನ ಕರ್ಣನೇ ಕೊನೆಯ ಕರ್ಣ ಎನ್ನುವ ಹಾಗಂತೂ ಇಲ್ಲವೇ ಇಲ್ಲ. ನಿನ್ನದನ್ನೂ ಹಾಗೇ ಮಾಡು. ‘ಆಟಿಸಂ ಇರುವ ನಾನು ಚೋಮನ ದುಡಿಯನ್ನು ಹೀಗೆ ಕೇಳಿಸಿಕೊಂಡೆ’ ಎಂದು ಬರೆ. ಸದ್ದು ನಿನ್ನ ಮೈಗೆ ಏನು ಮಾಡುತ್ತದೆ, ಒಂದೇ ಲಯ ಹೇಗೆ ಹಿಡಿದು ನಿಲ್ಲಿಸುತ್ತದೆ, ಇದು ನಿನಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ, ನಿನ್ನ ಪ್ರೊಫೆಸರಿಗೂ ಗೊತ್ತಿಲ್ಲ. ಕಾದಂಬರಿಯ ಕೊನೆಯ ಆ ದುಡಿಯ ಬಗ್ಗೆ ನೀನು ಬರೆದ ಎರಡು ಸಾಲನ್ನು ನಾನು ಅಡಿಗೆರೆ ಹಾಕಿ ಇಟ್ಟಿದ್ದೇನೆ. ಚೋಮನಿಗೆ ಹೆಸರಿಡದೆಯೂ ಅವು ನಿಲ್ಲುತ್ತವೆ.

ತೆಗೆದ ಕಾರಂತರ ಜಾಗಕ್ಕೆ, ತಮ್ಮ ಆಟಿಸಂ ಬಗ್ಗೆ ತಾವೇ ಹೇಳಿಕೊಂಡವರನ್ನು ತಾ. ಟೆಂಪಲ್ ಗ್ರ್ಯಾಂಡಿನ್ 1986ರಲ್ಲೇ ಬರೆದರು, ಡೋನಾ ವಿಲಿಯಮ್ಸ್ 1992ರಲ್ಲಿ. ಅಲ್ಲಿ ಊಹೆಯ ಕೆಲಸವೇ ಇಲ್ಲ.

ಸೆಮಿನಾರಿನಲ್ಲಿ ನಿನ್ನ ವಿಷಯ ಹೇಳಬೇಕಾ ಎಂದು ಕೇಳಿದ್ದೀ. ಅಮ್ಮ ಬೇಡ ಎನ್ನುತ್ತಾಳೆ, ನಾಳೆ ಸಂಬಂಧ ಕೂಡಿಬರುವಾಗ ಮಾತು ಬರುತ್ತದೆ ಎಂಬ ಹೆದರಿಕೆ ಅವಳಿಗೆ. ನಾನು ಹೇಳು ಎಂದೂ ಹೇಳುವುದಿಲ್ಲ, ಹೇಳಬೇಡ ಎಂದೂ ಹೇಳುವುದಿಲ್ಲ. ಹೇಳದೆ ಇದ್ದರೂ ಹೋಮ್ಸ್‌ನ ಭಾಗ ‘ನಾನು’ ಎಂಬ ಮಾತಿನ ಮೇಲೇ ನಿಲ್ಲುತ್ತದೆ, ಕಾರಣ ಕೊಡಬೇಕಾಗಿಲ್ಲ. ಆದರೆ ಯಾರಾದರೂ ನಿನ್ನನ್ನು ನೋಡಿ, ನಿನ್ನ ಬರಹ ಓದಿ, ಊಹಿಸಿ ಇನ್ನೊಬ್ಬರ ಹತ್ತಿರ ಹೇಳಿದರೆ ನಿನಗೆ ಹೇಗಾಗುತ್ತದೆ, ಅಷ್ಟನ್ನು ಕಾರಂತರ ಭಾಗ ತೆಗೆಯುವಾಗ ಯೋಚಿಸು. ಪರೀಕ್ಷೆಯ ಹೆಚ್ಚಿನ ಸಮಯಕ್ಕೆ ಅರ್ಜಿ ಹಾಕಲು ಮಾತ್ರ ನಾಚಿಕೆ ಬೇಡ, ಫಾರಂ ತುಂಬುವಾಗ ನನಗೆ ಫೋನ್ ಮಾಡು.

ಗೀಚಿದ ಪ್ರತಿಯನ್ನು ಭಾನುವಾರ ಅಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಜೊತೆಗೆ ಮಾವಿನ ಹಪ್ಪಳವೂ ಉಂಟು.

ಹಾಂ, ಕ್ಯಾನರ್‌ನ ಲೇಖನಕ್ಕೆ 1944 ಎಂದು ಹಾಕಿದ್ದೀ. ಅದು ವಿಯೆನ್ನಾದ ಆಸ್ಪರ್ಗರ್‌ನದ್ದು, ಸರಿಮಾಡು. ಅವರಿಬ್ಬರಿಗೂ ಮೊದಲೇ, 1925ರಲ್ಲಿ, ಮಾಸ್ಕೋದ ಗ್ರುನ್ಯಾ ಸುಖರೇವಾ ಇಂಥ ಹುಡುಗರ ಬಗ್ಗೆ ಬರೆದಿದ್ದರು. ಆ ಹೆಂಗಸಿನ ಹೆಸರು ನಿನ್ನ ಪ್ರಬಂಧದಲ್ಲಿ ಎಲ್ಲೂ ಕಾಣಲಿಲ್ಲ, ಸೇರಿಸು.

ಇಂತಿ ನಿನ್ನ
ದೊಡ್ಡಮ್ಮ